ಬಲಿಪೀಠದ ಶಿಲುಬೆಯನ್ನು ಬಿಚ್ಚಿದಾಗ ಸಿಕ್ಕ ಆರು ಲೋಹಗಳು

ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿರುವ ಒಂದು ಸಣ್ಣ ಚರ್ಚಿನಿಂದ ಈ ಶಿಲುಬೆ ಮೈಸೂರಿನ ನಮ್ಮ ಮನೆಗೆ ಬಂದದ್ದು ಅಕ್ಕಿಚೀಲದಲ್ಲಿ, ಹಳೆಯ ಸೀರೆಯ ತುಂಡು ಸುತ್ತಿಕೊಂಡು. ಬಲಿಪೀಠದ ಮೇಲೆ ನಿಲ್ಲಿಸುವ ಶಿಲುಬೆ. ಎತ್ತರ 64 ಸೆಂಟಿಮೀಟರ್, ತೂಕ 4 ಕಿಲೊ 150 ಗ್ರಾಂ. ಮೂರು ಮೆಟ್ಟಿಲಿನ ಪೀಠ, ಅದರ ಮೇಲೆ ಕೊಳವೆಯಂಥ ಕಂಬ, ಕಂಬದ ನಡುವೆ ಒಂದು ಗುಂಡು, ತುದಿಗೆ ಶಿಲುಬೆ. ಶಿಲುಬೆಯ ತೋಳುಗಳು ಕೂಡುವಲ್ಲಿ ಸೂರ್ಯಕಿರಣದಂತೆ ಹನ್ನೆರಡು ಕಡ್ಡಿಗಳು. ಅವುಗಳಲ್ಲಿ ಎರಡು ಕಳಚಿಹೋಗಿ ಬೆಂಕಿಪೊಟ್ಟಣದೊಳಗೆ ಬಂದಿದ್ದವು. ಕಂಬದ ಬುಡದಲ್ಲಿ ಮೂರು ಅಂಗುಲ ಉದ್ದದ ಸೀಳು. ಇಡೀ ಶಿಲುಬೆ ಎಡಕ್ಕೆ ವಾಲುತ್ತಿತ್ತು. ಹಿಂದೆ ಯಾರೋ ಸೀಳಿನ ಮೇಲೆ ಸೀಸದ ಬೆಸುಗೆಯನ್ನು ಮುದ್ದೆಮುದ್ದೆಯಾಗಿ ಮೆತ್ತಿ, ಅದು ಕಾಣದಿರಲೆಂದು ಮೈತುಂಬ ಚಿನ್ನದ ಬಣ್ಣದ ಪೇಂಟ್ ಬಳಿದಿದ್ದರು.

ನಾನು ಮೂವತ್ತು ವರ್ಷ ಫಿಟ್ಟರ್ ಕೆಲಸ ಮಾಡಿದವನು. ಭಾನುವಾರಗಳಲ್ಲಿ ಮಕ್ಕಳಿಗೆ ಧರ್ಮೋಪದೇಶದ ತರಗತಿ ತೆಗೆದುಕೊಳ್ಳುತ್ತೇನೆ. ಆ ತರಗತಿಯಲ್ಲಿ ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಒಂದು ಪಟ್ಟಿ ಇದೆ: ಬಂಗಾರ ಎಂದರೆ ದೈವತ್ವ, ಬೆಳ್ಳಿ ಎಂದರೆ ವಿಮೋಚನೆ, ಕಂಚು ಎಂದರೆ ನ್ಯಾಯತೀರ್ಪು, ಕಬ್ಬಿಣ ಎಂದರೆ ಬಲ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಬೈಬಲ್‌ನಲ್ಲಿ ಎಲ್ಲಿಯೂ ಹೀಗೆ ಪಟ್ಟಿ ಕೊಟ್ಟಿಲ್ಲ; ಓದಿದವರು ನಂತರ ಕಟ್ಟಿಕೊಂಡದ್ದು ಅದು. ಈ ಶಿಲುಬೆಯನ್ನು ಬಿಚ್ಚಿ ಜೋಡಿಸುವ ಹೊತ್ತಿಗೆ ಆ ಪಟ್ಟಿ ನನಗೆ ಸಾಲದಾಯಿತು. ಅದಕ್ಕಾಗಿಯೇ ಈ ಕೆಲಸದ ವಿವರವನ್ನು ಬರೆದಿಡುತ್ತಿದ್ದೇನೆ.

ಮೊದಲನೆಯ ದಿನ ಯಾವ ಉಪಕರಣವನ್ನೂ ಮುಟ್ಟಲಿಲ್ಲ. ಎಲ್ಲ ಕಡೆಯಿಂದ ಫೋಟೊ ತೆಗೆದೆ, ಅಳತೆ ಬರೆದುಕೊಂಡೆ, ಅಯಸ್ಕಾಂತ ಹಿಡಿದು ನೋಡಿದೆ. ಪೀಠಕ್ಕೂ ಶಿಲುಬೆಗೂ ಅದು ಅಂಟಲಿಲ್ಲ. ಕಂಬಕ್ಕೆ ಮಾತ್ರ ಟಕ್ಕೆಂದು ಅಂಟಿಕೊಂಡಿತು. ಅಂದರೆ ಕೊಳವೆಯೊಳಗೆ ಕಬ್ಬಿಣದ ಸರಳಿದೆ. ಶಿಲುಬೆಯ ಬೆನ್ನಿನಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಕಡಲೆಕಾಳಿನಷ್ಟು ಪೇಂಟನ್ನು ದ್ರಾವಣ ಹಚ್ಚಿ ತೆಗೆದೆ. ಕೆಳಗೆ ಕಪ್ಪಾದ ಬೆಳ್ಳಿಯ ಲೇಪ, ಅದು ಸವೆದಲ್ಲಿ ಹಿತ್ತಾಳೆಯ ಹಳದಿ. ಕಿರಣಗಳ ಮೇಲಿನ ಪೇಂಟ್ ಸರಿದಾಗ ಮಂಕಾದ, ಬೆಚ್ಚನೆಯ ಇನ್ನೊಂದು ಹಳದಿ ಕಂಡಿತು. ಕಳಚಿದ ಕಡ್ಡಿಯೊಂದನ್ನು ಅಶೋಕ ರಸ್ತೆಯ ಪರಿಚಯದ ಅಕ್ಕಸಾಲಿಗರಲ್ಲಿಗೆ ಒಯ್ದೆ. ಅವರು ಒರೆಗಲ್ಲಿನ ಮೇಲೆ ಮೆಲ್ಲಗೆ ಒಂದು ಗೆರೆ ಎಳೆದು, ಆಸಿಡ್ ಹನಿ ಬಿಟ್ಟು, ‘ಲೇಪ ಚಿನ್ನದ್ದೇ’ ಎಂದರು. ಪೀಠವನ್ನು ಮಗುಚಿದರೆ ಅಡಿಯಲ್ಲಿ ಬೂದುಬಣ್ಣದ ಗಟ್ಟಿ; ಉಗುರು ಒತ್ತಿದರೆ ಗುರುತು ಬೀಳುತ್ತದೆ. ಸೀಸ. ಕಿರಣಗಳನ್ನು ಹಿಡಿದಿದ್ದದ್ದು ತವರದ ಬೆಸುಗೆ.

ರಾತ್ರಿ ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋದಾಗ ಆರು ಹೆಸರುಗಳಾದವು. ಚಿನ್ನ, ಬೆಳ್ಳಿ, ಹಿತ್ತಾಳೆ, ಕಬ್ಬಿಣ, ತವರ, ಸೀಸ. ಎಲ್ಲೋ ಓದಿದ ಸಾಲು ಅನ್ನಿಸಿ ಹುಡುಕಿದೆ. ಬೈಬಲ್‌ನ ಸಂಖ್ಯಾಕಾಂಡ 31ನೇ ಅಧ್ಯಾಯದ 22ನೇ ವಚನ, ಹೆಚ್ಚುಕಡಿಮೆ ಇದೇ ಪಟ್ಟಿ, ಇದೇ ಕ್ರಮ. ಯುದ್ಧದಿಂದ ತಂದ ಕೊಳ್ಳೆಯನ್ನು ಶುದ್ಧಮಾಡುವ ಬಗೆಯನ್ನು ಯಾಜಕ ಎಲ್ಲಾಜಾರನು ಸೈನಿಕರಿಗೆ ಹೇಳುವ ಸಂದರ್ಭ. ಬೆಂಕಿಯನ್ನು ತಾಳುವಂಥದ್ದು ಬೆಂಕಿಯನ್ನು ದಾಟಬೇಕು, ತಾಳದ್ದು ನೀರನ್ನು ದಾಟಬೇಕು ಎಂಬುದು ನಿಯಮ. ಅಲ್ಲಿ ಬಂಗಾರಕ್ಕೆ ಮರ್ಯಾದೆ ಹೆಚ್ಚಿಲ್ಲ, ಸೀಸಕ್ಕೆ ಕಡಿಮೆಯಿಲ್ಲ. ಆರಕ್ಕೂ ಒಂದೇ ಪ್ರಶ್ನೆ: ಬೆಂಕಿಯಲ್ಲಿ ನೀನು ಉಳಿಯುತ್ತೀಯಾ?

ಹಿತ್ತಾಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ವಚನದ ಮೂಲಭಾಷೆಯಾದ ಹೀಬ್ರೂವಿನ ‘ನೆಹೋಶೆತ್’ ಎಂಬ ಪದ ತಾಮ್ರಕ್ಕೂ ಸಲ್ಲುತ್ತದೆ, ತಾಮ್ರಕ್ಕೆ ತವರ ಬೆರೆಸಿದ ಕಂಚಿಗೂ ಸಲ್ಲುತ್ತದೆ. ಕನ್ನಡ ಅನುವಾದಗಳಲ್ಲಿ ಒಂದರಲ್ಲಿ ತಾಮ್ರ, ಇನ್ನೊಂದರಲ್ಲಿ ಕಂಚು, ಮತ್ತೊಂದರಲ್ಲಿ ಹಿತ್ತಾಳೆ ಎಂದಿರುವುದು ಇದರಿಂದಲೇ. ಸತು ಬೆರೆತ ಹಿತ್ತಾಳೆ ಮೋಶೆಯ ಕಾಲದ ಲೋಹವಲ್ಲ. ಮರುಭೂಮಿಯಲ್ಲಿ ಮೋಶೆ ಕಂಬಕ್ಕೆ ಏರಿಸಿದ ಸರ್ಪದ ಕಥೆಯಲ್ಲಿ ಸರ್ಪಕ್ಕೆ ‘ನಾಹಾಷ್’, ಲೋಹಕ್ಕೆ ‘ನೆಹೋಶೆತ್’. ಎರಡೂ ಪದಗಳು ಒಂದರ ಪಕ್ಕ ಒಂದು ನಿಂತು ಕಿವಿಯಲ್ಲಿ ಮೊಳಗುತ್ತವೆ. ಕನ್ನಡಕ್ಕೆ ಬರುವಾಗ ಆ ಪ್ರಾಸ ಕಳೆದುಹೋಗುತ್ತದೆ. ಮೂಲವನ್ನು ತಿಳಿದವರೊಬ್ಬರು ಇದನ್ನು ನನಗೆ ಓದಿ ಕೇಳಿಸಿದ ಮೇಲೆ ಆ ಅಧ್ಯಾಯವನ್ನು ನಾನು ಹಳೆಯ ರೀತಿಯಲ್ಲಿ ಓದಿಲ್ಲ.

ಪೇಂಟ್ ತೆಗೆಯಲು ನಾಲ್ಕು ದಿನ ಹಿಡಿಯಿತು. ದ್ರಾವಣ, ಹತ್ತಿ, ಬಿದಿರಿನ ಕಡ್ಡಿ, ಅಷ್ಟೇ. ಲೋಹದ ಬ್ರಷ್ ಬೆಳ್ಳಿಯ ಮೇಲೆ ಆಡಿದರೆ ಲೇಪ ಉಳಿಯುವುದಿಲ್ಲ.

ನಟ್ಟು ಬಿಚ್ಚುವುದು ಕಬ್ಬಿಣದ ಕಡಲೆಯಾಯಿತು. ಪೀಠದ ಅಡಿಯಲ್ಲಿ, ಸೀಸದ ನಡುವೆ ಹುದುಗಿದ್ದ ಅದು ತುಕ್ಕು ತಿಂದು ಸರಳಿನೊಂದಿಗೆ ಒಂದೇ ಮೈಯಾಗಿತ್ತು. ತುಕ್ಕು ಬಿಡಿಸುವ ಎಣ್ಣೆಯನ್ನು ಮೂರು ದಿನ ಹನಿಸಿದೆ. ಜಗ್ಗಲಿಲ್ಲ. ಕೊನೆಗೆ ಗರಗಸದ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡಿದು, ನಟ್ಟಿನ ಒಂದು ಮಗ್ಗುಲನ್ನು ಸವೆಸಿ ಒಡೆದೆ. ಸರಳು ಹೊರಬಂದಾಗ ಒಂದು ಹಿಡಿ ಕೆಂಪು ಪುಡಿಯೂ ಜೊತೆಗೆ ಸುರಿಯಿತು. ಸೀಳಿನ ಕಾರಣ ಅಲ್ಲಿಯೇ ಇತ್ತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ನಾಲೆ ಬಯಲಿನ ತೇವ, ಹೂದಾನಿಯಿಂದ ಚೆಲ್ಲಿದ ನೀರು ಕೊಳವೆಯ ಬುಡದಲ್ಲಿ ನಿಂತಿವೆ. ಹಿತ್ತಾಳೆಯೂ ಕಬ್ಬಿಣವೂ ಒದ್ದೆಯಲ್ಲಿ ಒಂದಕ್ಕೊಂದು ತಾಗಿದ್ದರೆ ಮೊದಲು ಕರಗುವುದು ಕಬ್ಬಿಣ. ಅದು ಉಬ್ಬಿ ಉಬ್ಬಿ ಒಳಗಿನಿಂದಲೇ ಹಿತ್ತಾಳೆಯನ್ನು ಸೀಳಿದೆ. ಮೇಲೆ ಮೆತ್ತಿದ ಸೀಸ ಅದನ್ನು ಹೇಗೆ ತಡೆದೀತು?

ಬಲಿಪೀಠದ ವಸ್ತುವಿನೊಳಗೆ ಕಬ್ಬಿಣ ಕಂಡಾಗ ಧರ್ಮೋಪದೇಶಕಾಂಡ 27ನೇ ಅಧ್ಯಾಯ ನೆನಪಾಗುವುದು ಸಹಜ. ಬಲಿಪೀಠದ ಕಲ್ಲುಗಳಿಗೆ ಕಬ್ಬಿಣದ ಉಪಕರಣ ತಾಗಿಸಬಾರದು ಎನ್ನುತ್ತದೆ ಅದು. ಸೊಲೊಮೋನನ ದೇವಾಲಯ ಕಟ್ಟುವಾಗ ಕಲ್ಲನ್ನು ಗಣಿಯಲ್ಲಿಯೇ ಸಿದ್ಧಪಡಿಸಿ ತಂದರು. ಕಟ್ಟುವ ಜಾಗದಲ್ಲಿ ಸುತ್ತಿಗೆಯ ಸದ್ದಾಗಲಿ ಕಬ್ಬಿಣದ ಆಯುಧದ ಸದ್ದಾಗಲಿ ಕೇಳಲಿಲ್ಲ. ಆದರೆ ಇದರಿಂದ ಕಬ್ಬಿಣ ಎಂದರೆ ಕೇಡು ಎಂದು ಬರೆದುಬಿಡುವಂತಿಲ್ಲ. ಅದೇ ದೇವಾಲಯದ ಬಾಗಿಲುಗಳ ಮೊಳೆಗಳಿಗಾಗಿ ದಾವೀದನು ಹೇರಳವಾಗಿ ಕಬ್ಬಿಣ ಕೂಡಿಸಿಟ್ಟಿದ್ದನು. ಬಾಗಿಲು ಹಿಡಿಯುವ ಮೊಳೆಗೆ ಕಬ್ಬಿಣ ಬೇಕು. ಬಲಿಪೀಠವನ್ನು ಕೆತ್ತಿ ತಿದ್ದುವುದಕ್ಕೆ ಬೇಡ. ಲೋಹದ ಅರ್ಥ ಅದನ್ನು ಎಲ್ಲಿ, ಯಾವುದಕ್ಕೆ ಬಳಸಿದರು ಎಂಬುದರಲ್ಲಿದೆ. ಕಪ್ಪುಹಲಗೆಯ ಪಟ್ಟಿಯಲ್ಲಿ ಬಿಟ್ಟುಹೋಗುತ್ತಿದ್ದದ್ದು ಇದೇ.

ಕಬ್ಬಿಣದ ಸರಳಿನ ಬದಲು ಸಂತೆಪೇಟೆಯಿಂದ 10 ಮಿಲಿಮೀಟರ್ ದಪ್ಪದ ಹಿತ್ತಾಳೆ ಸರಳು ತಂದು, ಎರಡೂ ತುದಿಗೆ ನಟ್ಟು ಕೂರುವಂತೆ ತಿರುಪು ಹಾಕಿಸಿದೆ.

ಇನ್ನು ಸೀಳನ್ನು ಮುಚ್ಚುವ ಕೆಲಸ. ಇಲ್ಲಿ ಅವಸರ ಮಾಡಿದವರು ಕೆಟ್ಟರು. ಸೀಳಿಗೆ ಗಟ್ಟಿಯಾದ ಬೆಳ್ಳಿ ಬೆಸುಗೆ ಬೇಕು. ಅದು ಕರಗಲು 650 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಕಾವು ಬೇಕು. ಸೀಸ ಕರಗುವುದು 327 ಡಿಗ್ರಿಗೆ, ತವರ 232ಕ್ಕೆ. ಹಳೆಯ ಮುದ್ದೆ ಎಳ್ಳಷ್ಟು ಉಳಿದಿದ್ದರೂ ಆ ಕಾವಿನಲ್ಲಿ ಅದು ಹಿತ್ತಾಳೆಯೊಳಗೆ ಇಳಿದು ಮೈಯನ್ನು ಗುಳಿಗುಳಿಯಾಗಿ ತಿಂದುಬಿಡುತ್ತದೆ. ಆದ್ದರಿಂದ ಎರಡು ದಿನ ಕೈಗವಸು, ಮುಖಗವಸು ಹಾಕಿಕೊಂಡು, ನೀರು ಚಿಮುಕಿಸುತ್ತಾ, ಸೀಸವನ್ನು ಕೆರೆದು ತೆಗೆದೆ. ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮನೆಯಲ್ಲಿ ಮಕ್ಕಳಿರುವವರು ಈ ಕೆಲಸವನ್ನು ಒಳಗೆ ಮಾಡಲೇಬಾರದು.

ಕೆರೆಯುತ್ತಾ ಕೂತಿದ್ದಾಗ ತಲೆಯಲ್ಲಿದ್ದದ್ದು ಪ್ರವಾದಿ ಯೆರೆಮೀಯನ 6ನೇ ಅಧ್ಯಾಯ. ತಿದಿ ಭೋರೆಂದು ಊದಿತು, ಸೀಸ ಬೆಂಕಿಗೆ ಮುಗಿದುಹೋಯಿತು, ಪುಟವಿಟ್ಟದ್ದು ವ್ಯರ್ಥವಾಯಿತು, ಕೆಟ್ಟದ್ದು ಬೇರ್ಪಡಲಿಲ್ಲ, ಆದ್ದರಿಂದ ಈ ಜನರಿಗೆ ತಿರಸ್ಕೃತ ಬೆಳ್ಳಿ ಎಂದು ಹೆಸರು ಎನ್ನುವ ಮಾತು ಅಲ್ಲಿದೆ. ಬೆಳ್ಳಿ ಶುದ್ಧಮಾಡುವಲ್ಲಿ ಸೀಸಕ್ಕೇನು ಕೆಲಸ ಎಂದು ನಾನು ಬಹುಕಾಲ ಯೋಚಿಸಿರಲಿಲ್ಲ. ಹಳೆಯ ವಿಧಾನದಲ್ಲಿ ಬೆಳ್ಳಿಗೆ ಬೇಕೆಂದೇ ಸೀಸ ಸೇರಿಸಿ, ಅಗಲವಾದ ಮೂಸೆಯಲ್ಲಿಟ್ಟು, ಗಾಳಿ ಊದುತ್ತಾ ಕಾಯಿಸುತ್ತಾರೆ. ಸೀಸ ಗಾಳಿಯೊಂದಿಗೆ ಬೆರೆತು ಕರಗಿದ ಬೂದಿಯಾಗುತ್ತದೆ. ಬೆಳ್ಳಿಯಲ್ಲಿದ್ದ ತಾಮ್ರ ಮೊದಲಾದ ಕಲ್ಮಷವನ್ನು ತನ್ನೊಂದಿಗೆ ಎಳೆದುಕೊಂಡು ಮೂಸೆಯ ಗೋಡೆಗೆ ಇಂಗುತ್ತದೆ. ಬೆಳ್ಳಿ ಮಾತ್ರ ಗುಂಡಾಗಿ ಉಳಿಯುತ್ತದೆ. ಸೀಸ ತಾನು ಸುಟ್ಟುಹೋಗಿ ಬೆಳ್ಳಿಯನ್ನು ತೊಳೆಯುತ್ತದೆ. ಪ್ರವಾದಿಯ ಸಂಕಟ ಇರುವುದು ಇಲ್ಲಿ: ಸೀಸವೆಲ್ಲ ಮುಗಿಯಿತು, ಆದರೂ ಬೆಳ್ಳಿ ಶುದ್ಧವಾಗಲಿಲ್ಲ. ಮೂಸೆಯನ್ನು ಕಂಡವನು ಮಾತ್ರ ಬರೆಯಬಲ್ಲ ಸಾಲು ಅದು.

ವರ್ಷಗಳ ಹಿಂದೆ ಅಕ್ಕಸಾಲಿಗರ ಗಲ್ಲಿಯೊಂದರಲ್ಲಿ ಇದನ್ನು ಕಣ್ಣಾರೆ ನೋಡಿದ್ದೆ. ಮುದುಕರೊಬ್ಬರು ಮೂಸೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಯಾರು ಕರೆದರೂ ತಿರುಗಲಿಲ್ಲ. ಕೊನೆಯ ಗಳಿಗೆಯಲ್ಲಿ ಕರಗಿದ ಗುಂಡಿನ ಮೇಲಿನ ಪೊರೆ ಬಣ್ಣಬಣ್ಣವಾಗಿ ಓಡಾಡಿ, ಫಕ್ಕನೆ ಸರಿದು, ಬೆಳ್ಳಿ ಮಿಂಚಿತು. ಆಗ ಅವರು ಬೆವರು ಒರೆಸಿಕೊಂಡರು. ಅಕ್ಕಸಾಲಿಗನು ಬೆಳ್ಳಿಯಲ್ಲಿ ತನ್ನ ಮುಖ ಕಾಣುವವರೆಗೆ ಕಾಯುತ್ತಾನೆ ಎಂಬ ಕಥೆಯನ್ನು ಪ್ರಸಂಗಗಳಲ್ಲಿ ಹೇಳುವುದುಂಟು. ಮಲಾಕಿಯನ 3ನೇ ಅಧ್ಯಾಯದಲ್ಲಿ ಮುಖದ ಮಾತಿಲ್ಲ. ಅಲ್ಲಿರುವುದು, ಆತನು ಬೆಳ್ಳಿಯನ್ನು ಶೋಧಿಸುವವನಂತೆ ಕುಳಿತುಕೊಳ್ಳುವನು ಎಂಬುದು. ನನಗೆ ಆ ‘ಕುಳಿತುಕೊಳ್ಳುವನು’ ಎಂಬ ಒಂದು ಪದವೇ ಸಾಕು.

ಸೀಳು ಮುಚ್ಚಿತು. ಕೊಳವೆಯನ್ನು ಮಬ್ಬುಗೆಂಪಾಗುವಷ್ಟು ಕಾಯಿಸಿ ಮೆದು ಮಾಡಿಕೊಂಡು, ಮರದ ಅಚ್ಚಿನ ಮೇಲೆ ಕೊಡತಿಯಿಂದ ಬಡಿದು ತುಟಿಗಳನ್ನು ಕೂಡಿಸಿ, ಬಿಳಿಗಾರ ಹಚ್ಚಿ ಬೆಸೆದೆ. ಬೆಸುಗೆ ನೀರಿನಂತೆ ಹರಿದು ಸೀಳಿನ ಉದ್ದಕ್ಕೂ ಓಡಿದ ಕ್ಷಣ ಮೈ ಜುಮ್ಮೆಂದಿತು. ಯೆಶಾಯನ 41ನೇ ಅಧ್ಯಾಯದಲ್ಲಿ ಕುಶಲಕರ್ಮಿಗಳು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಾ, ಬೆಸುಗೆ ಚೆನ್ನಾಗಿದೆ ಎಂದು ಮೆಚ್ಚಿ, ಅಲುಗದಂತೆ ಮೊಳೆ ಜಡಿಯುವ ಚಿತ್ರವಿದೆ. ಪ್ರವಾದಿ ಅಲ್ಲಿ ವಿಗ್ರಹ ಮಾಡುವವರನ್ನು ಟೀಕಿಸುತ್ತಿದ್ದಾನೆ, ನಿಜ. ಆದರೂ ಕೆಲಸಗಾರರ ಮಾತನ್ನು ಅವನು ಎಷ್ಟು ಹತ್ತಿರದಿಂದ ಕೇಳಿಸಿಕೊಂಡಿದ್ದಾನೆ!

ಮರುದಿನ ತಪ್ಪಾಯಿತು. ಕೊಳವೆಯನ್ನು ಬೆಳಗಲು ಹುಣಸೆಹಣ್ಣಿನ ನೀರಿನಲ್ಲಿಟ್ಟು, ಅತಿಥಿಗಳು ಬಂದರೆಂದು ಒಳಗೆ ಹೋದವನು ಒಂದೂವರೆ ಗಂಟೆ ಮರೆತೆ. ಐದು ನಿಮಿಷ ಸಾಕಿತ್ತು. ತೆಗೆದಾಗ ಹಿತ್ತಾಳೆಯ ಮೈ ತಾಮ್ರದಂತೆ ಕೆಂಪಾಗಿತ್ತು. ಹುಳಿಯು ಸತುವನ್ನು ಮೊದಲು ಎಳೆದುಕೊಂಡು ಮೇಲ್ಮೈಯಲ್ಲಿ ತಾಮ್ರವನ್ನು ಬಿಡುತ್ತದೆ. ಸೀಮೆಸುಣ್ಣದ ನಯವಾದ ಪುಡಿಯಿಂದ ಅರ್ಧ ದಿನ ಉಜ್ಜಿದ ಮೇಲೆ ಹಳದಿ ಮರಳಿತು. ಗುಂಡಿನ ಕೆಳಗಿನ ಸಂದಿಯಲ್ಲಿ ಈಗಲೂ ಸ್ವಲ್ಪ ಕೆಂಪಿದೆ. ಅಮೋನಿಯ ಇರುವ ಪಾಲಿಶ್ ಹಚ್ಚುವ ಯೋಚನೆ ಮಾತ್ರ ಮಾಡಲಿಲ್ಲ. ಬಡಿದು ಬಿಗಿದ ಹಿತ್ತಾಳೆಗೆ ಅಮೋನಿಯ ತಾಗಿದರೆ ಕಾಲಕ್ರಮೇಣ ತಾನಾಗಿ ಬಿರುಕು ಬಿಡುತ್ತದೆ.

ಪೀಠದ ಸೀಸವನ್ನು ತೆಗೆಯಲಿಲ್ಲ. ಮೇಲಿನ ಬಿಳಿ ಪುಡಿಯನ್ನು ಒರೆಸಿ, ಮಧ್ಯದಲ್ಲಿ ನಿಧಾನವಾಗಿ ಹೊಸ ರಂಧ್ರ ಕೊರೆದು, ಮೇಣ ಹಚ್ಚಿ, ಅಡಿಗೆ ದಪ್ಪ ಬಟ್ಟೆ ಅಂಟಿಸಿ ಕೈಗೆ ತಾಗದಂತೆ ಮುಚ್ಚಿದೆ. ತೂಕ ಅಡಿಯಲ್ಲಿರಬೇಕು. ನಿಲ್ಲುವ ವಸ್ತುವನ್ನು ಮಾಡಿದವರಿಗೆಲ್ಲ ಗೊತ್ತಿರುವ ಮೊದಲ ಪಾಠ ಇದು. ಸೀಸವನ್ನು ಅಂಗೈಯಲ್ಲಿ ತೂಗಿದಾಗ ದಾನಿಯೇಲನ ಎರಡನೆಯ ಅಧ್ಯಾಯ ಮೊದಲ ಬಾರಿಗೆ ನನಗೆ ತೆರೆದುಕೊಂಡಿತು. ಬಾಬೆಲಿನ ಅರಸ ನೆಬೂಕದ್ನೆಚ್ಚರನು ಕನಸಿನಲ್ಲಿ ಕಂಡ ಪ್ರತಿಮೆಗೆ ಬಂಗಾರದ ತಲೆ, ಬೆಳ್ಳಿಯ ಎದೆ ತೋಳು, ಕಂಚಿನ ಹೊಟ್ಟೆ ತೊಡೆ, ಕಬ್ಬಿಣದ ಕಾಲು, ಪಾದದಲ್ಲಿ ಕಬ್ಬಿಣವೂ ಮಣ್ಣೂ. ಬೆಲೆ ಇಳಿಯುತ್ತಾ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ತೂಕವನ್ನು ನೋಡಿ. ಒಂದು ಘನ ಸೆಂಟಿಮೀಟರ್ ಬಂಗಾರ 19.3 ಗ್ರಾಂ, ಬೆಳ್ಳಿ 10.5, ಕಂಚು 9ಕ್ಕಿಂತ ತುಸು ಕಡಿಮೆ, ಕಬ್ಬಿಣ 7.9, ಮಣ್ಣು 2ರ ಆಸುಪಾಸು. ಅತಿ ಭಾರವಾದದ್ದು ತಲೆಯಲ್ಲಿದೆ, ಅತಿ ಹಗುರವಾದದ್ದು ಪಾದದಲ್ಲಿದೆ. ಗಡಸುತನ ಮಾತ್ರ ಕೆಳಗಿಳಿದಂತೆ ಹೆಚ್ಚುತ್ತಾ ಬಂದು, ಪಾದದಲ್ಲಿ ಮಣ್ಣು ಬೆರೆತು ಮುರಿದುಹೋಗುತ್ತದೆ. ಯಾವ ಕುಶಲಕರ್ಮಿಯೂ ಹೀಗೆ ನಿಲ್ಲಿಸುವುದಿಲ್ಲ. ಆ ಕನಸಿನಲ್ಲಿ ಕಲ್ಲೊಂದು ಬಂದು ಬಡಿದದ್ದು ಪಾದಕ್ಕೆ.

ಇದಕ್ಕೆ ಎದುರಾಗಿ ವಿಮೋಚನಾಕಾಂಡದ ಗುಡಾರವನ್ನು, ಅಂದರೆ ಮೋಶೆಯ ಜನ ಮರುಭೂಮಿಯಲ್ಲಿ ಆರಾಧನೆಗೆ ನಿಲ್ಲಿಸಿದ ಡೇರೆಯನ್ನು, ಇಟ್ಟು ನೋಡಬೇಕು. ಅದರ ಹಲಗೆಗಳು ಜಾಲೀಮರದವು. ಮಂಡ್ಯದ ಬೇಲಿಗಳಲ್ಲಿ ನಾವು ಕಾಣುವ ಜಾಲಿಯ ಬಳಗ. ಮರುಭೂಮಿಯಲ್ಲಿ ಸಿಗುವ ಗಟ್ಟಿಮರ ಅದೇ. ಹಲಗೆಗಳಿಗೆ ಬಂಗಾರದ ತಗಡು ಹೊದಿಸಿದರು, ಆದರೆ ಅವು ನಿಂತದ್ದು ಬೆಳ್ಳಿಯ ಗದ್ದಿಗೆಕಲ್ಲುಗಳ ಮೇಲೆ. ಆ ಬೆಳ್ಳಿಯ ಲೆಕ್ಕ 38ನೇ ಅಧ್ಯಾಯದಲ್ಲಿ ಪೈಸೆ ಬಿಡದೆ ಇದೆ. ಎಣಿಕೆಯಾದ ಗಂಡಸರು 6,03,550. ತಲೆಗೆ ಅರ್ಧ ಶೆಕೆಲ್ (ಶೆಕೆಲ್ ಅಂದಿನ ತೂಕದ ಅಳತೆ). ಒಟ್ಟು 3,01,775 ಶೆಕೆಲ್. 3,000 ಶೆಕೆಲ್‌ಗೆ ಒಂದು ತಲಾಂತು ಎಂದರೆ 100 ತಲಾಂತು, ಮಿಕ್ಕದ್ದು 1,775 ಶೆಕೆಲ್. ನೂರು ತಲಾಂತಿನಿಂದ ನೂರು ಗದ್ದಿಗೆಗಳನ್ನು ಎರಕ ಹೊಯ್ದರು, ಮಿಕ್ಕದ್ದರಿಂದ ಕಂಬಗಳ ಕೊಂಡಿಗಳನ್ನು ಮಾಡಿದರು. ಒಂದೊಂದು ಗದ್ದಿಗೆ ಮೂವತ್ತು ಕಿಲೊಗೂ ಹೆಚ್ಚು. ಶ್ರೀಮಂತ ಅರ್ಧ ಶೆಕೆಲ್‌ಗಿಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ ಎಂದು 30ನೇ ಅಧ್ಯಾಯ ಕಟ್ಟುನಿಟ್ಟಾಗಿ ಹೇಳುತ್ತದೆ. ಅದು ಪ್ರಾಣಕ್ಕೆ ಈಡು. ಬೆಳ್ಳಿ ಎಂದರೆ ವಿಮೋಚನೆ ಎಂಬ ಪಾಠ ಇಲ್ಲಿಂದಲೇ ಹುಟ್ಟಿದ್ದು. ಬಂಗಾರ ಕಣ್ಣಿಗೆ ಕಾಣುತ್ತಿತ್ತು, ಎಲ್ಲರ ಸಮಪಾಲಿನ ಬೆಳ್ಳಿ ಮರಳಿನಲ್ಲಿ ಕುಳಿತು ಅದನ್ನು ಹೊತ್ತಿತ್ತು. ಬಾಯಿಪಾಠದ ಒಂದು ಸಾಲಿನಲ್ಲಿ ಈ ಭಾರ ಬರುವುದಿಲ್ಲ. ಮುಂದಿನ ವರ್ಷ ಮಕ್ಕಳಿಂದ ಈ ಲೆಕ್ಕವನ್ನೇ ಮಾಡಿಸಬೇಕೆಂದಿದ್ದೇನೆ.

ಕಂಚು ನ್ಯಾಯತೀರ್ಪು ಎನ್ನುವುದಕ್ಕೂ ಮೂಲ ಬೆಂಕಿಯೇ. ದಹನಬಲಿಯ ಪೀಠವೂ ಜಾಲೀಮರದ್ದು. ದಿನವೂ ಬೆಂಕಿ ಉರಿಯುವ ಆ ಮರವನ್ನು ಕಾಯುವುದಕ್ಕೆ ಹೊದಿಸಿದ ಲೋಹ ಅದು. ಪಕ್ಕದ ನೀರಿನ ಬೋಗುಣಿಯನ್ನು ಮಾಡಿದ್ದು ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರ ಲೋಹದ ಕನ್ನಡಿಗಳಿಂದ.

ಕಿರಣಗಳನ್ನು ಸೀಸವಿಲ್ಲದ ತವರದ ಬೆಸುಗೆಯಿಂದ ಕೂಡಿಸಿದೆ. ಬೆಳ್ಳಿಗೆ ಸೀಮೆಸುಣ್ಣದ ಪುಡಿ, ಬಟ್ಟಿ ಇಳಿಸಿದ ನೀರು, ಮೆತ್ತನೆಯ ಬಟ್ಟೆ. ತೋಳುಗಳ ತುದಿಯಲ್ಲಿ ಲೇಪ ಸವೆದು ಹಿತ್ತಾಳೆ ಇಣುಕುತ್ತಿದೆ, ಹಾಗೆಯೇ ಬಿಟ್ಟೆ.

ಆಗ ಚರ್ಚಿನ ಹಿರಿಯರೊಬ್ಬರು ನೋಡಲು ಬಂದರು. ದಾನಿಯೊಬ್ಬರು ಸಿದ್ಧರಿದ್ದಾರೆ, ಇಡೀ ಶಿಲುಬೆಗೆ ಚಿನ್ನದ ಲೇಪ ಹಾಕಿಸಿಬಿಡೋಣ ಎಂದರು. ಅವರ ಆಸೆ ಭಕ್ತಿಯದ್ದೇ. ನಾನು ಒಪ್ಪಲಿಲ್ಲ. ಹೊಸ ಲೇಪಕ್ಕೆ ಹಳೆಯ ಬೆಳ್ಳಿಯನ್ನೂ ಕಿರಣಗಳ ಹಳೆಯ ಚಿನ್ನವನ್ನೂ ಕೆರೆದು ತೆಗೆಯಬೇಕಾಗುತ್ತದೆ. ಪೇಂಟ್ ಬಳಿದವರೂ ಇದೇ ಆಸೆಯಿಂದ ಬಳಿದಿದ್ದರು. ಮೋಶೆ ಮಾಡಿದ ಆ ಕಂಚಿನ ಸರ್ಪಕ್ಕೇ ಜನ ಧೂಪ ಹಾಕತೊಡಗಿದಾಗ ಹಿಜ್ಕೀಯ ಅರಸನು ಅದನ್ನು ಚೂರುಚೂರು ಮಾಡಿಸಿದ ಕಥೆಯನ್ನು ಅವರಿಗೆ ನೆನಪಿಸಿದೆ. ಯೊವಾನ್ನನ ಶುಭಸಂದೇಶದಲ್ಲಿ ಯೇಸು ತನ್ನ ಶಿಲುಬೆಗೆ ಹೋಲಿಸಿದ್ದು ಅದೇ ಸರ್ಪವನ್ನು; ಬಂಗಾರದ ಯಾವ ವಸ್ತುವನ್ನೂ ಅಲ್ಲ. ಹಿರಿಯರು ಬಹಳ ಹೊತ್ತು ಕಿರಣಗಳನ್ನು ನೋಡುತ್ತಾ ಕುಳಿತರು. ಸವೆದ ಜಾಗ ಒರೆಸಿದವರ ಬೆರಳಿನದ್ದಲ್ಲವೇ ಎಂದು ಕೇಳಿದರು. ಹೌದು ಎಂದೆ. ದಾನಿಯ ಹಣದಲ್ಲಿ ಸೋರುವ ಹೆಂಚು ಬದಲಾಯಿಸುವ ಮಾತಾಯಿತು.

ಹದಿನಾರನೆಯ ದಿನ, ಶನಿವಾರ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆ. ತೂಕ ಈಗ 4 ಕಿಲೊ 40 ಗ್ರಾಂ. ಹಳೆಯ ಕಬ್ಬಿಣದ ಸರಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ, ಏನೇನು ಮಾಡಿದೆ, ಯಾವ ಬೆಸುಗೆ ಎಲ್ಲಿದೆ ಎಂದು ಬರೆದ ಹಾಳೆಯೊಂದಿಗೆ ಪೂಜಾವಸ್ತುಗಳ ಕಪಾಟಿನಲ್ಲಿಟ್ಟೆ. ಮುಂದೆ ಬಿಚ್ಚುವವರಿಗೆ ಬೇಕಾದೀತು. ಹೂದಾನಿಯನ್ನು ಒಂದು ಮೊಳ ದೂರ ಸರಿಸಿದೆ.

ಬಲಿಪೀಠವನ್ನು ಒರೆಸುವ ಅಜ್ಜಿ ಬಂದರು. ಇಷ್ಟು ವರ್ಷ ಎಡಗೈಯಲ್ಲಿ ಶಿಲುಬೆಯ ಬುಡವನ್ನು ಅದುಮಿ ಹಿಡಿದು, ಬಲಗೈಯಲ್ಲಿ ಒರೆಸಿದವರು. ಅಂದೂ ಹಾಗೆಯೇ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ಎಡಗೈಯನ್ನು ಮೆಲ್ಲಗೆ ಬಿಟ್ಟು ನೋಡಿದರು. ಅದು ಅಲುಗಲಿಲ್ಲ. ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಒರೆಸತೊಡಗಿದರು.